ರಿಪೋರ್ಟ್ ಚೆನ್ನಾಗಿದೆ, ಮನಸ್ಸು ಚೆನ್ನಾಗಿಲ್ಲ

“ಪಿಎಸ್‌ಎ ಇಳಿದಿದೆ, ಗಾಬರಿ ಬೇಡ ಅಂತ ದೊಡ್ಡ ಡಾಕ್ಟರು ಹೇಳಿದ್ದಾರೆ. ಆದರೆ ಇವರು ಟಿ.ವಿ. ನೋಡ್ತಾ ಕೂತಲ್ಲೇ ಅಳ್ತಾರೆ, ಮೊಮ್ಮಗನ ಮೇಲೆ ರೇಗ್ತಾರೆ” ಎಂದರು ನಿವೃತ್ತ ಮೇಷ್ಟರೊಬ್ಬರ ಪತ್ನಿ. ಮೇಷ್ಟರು ತಲೆ ತಗ್ಗಿಸಿ ಕೂತಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಅವರು ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ.

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅಲ್ಲಿನ ಕ್ಯಾನ್ಸರ್‌ಗೆ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರಾನ್ ಗೊಬ್ಬರವಿದ್ದಂತೆ. 1941ರಲ್ಲಿ ಇದನ್ನು ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರೋಗ ಹರಡಿದ್ದರೆ ಇಂಜೆಕ್ಷನ್ ಕೊಟ್ಟೋ, ವೃಷಣಗಳನ್ನು ತೆಗೆದೋ ಈ ಹಾರ್ಮೋನನ್ನು ತಗ್ಗಿಸುತ್ತಾರೆ. ಆಗ ಕ್ಯಾನ್ಸರ್ ಹಿಡಿತಕ್ಕೆ ಬರುತ್ತದೆ. ಜೊತೆಗೆ ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು, ಸುಸ್ತು, ನಿದ್ದೆಗೇಡು, ಸಿಡುಕು, ಅಳು ಕೂಡ ಬರಬಹುದು. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರು ಪಡುವ ಪಾಡಿಗೆ ಇದು ಬಹಳ ಹತ್ತಿರ. ಇಷ್ಟು ಹೇಳಿದೊಡನೆ ಮೇಷ್ಟರ ಪತ್ನಿಗೆ ಎಲ್ಲವೂ ಅರ್ಥವಾಯಿತು!

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಚಿಕಿತ್ಸೆಯಲ್ಲಿ ಲೈಂಗಿಕ ಆಸಕ್ತಿ, ಶಕ್ತಿ ಎರಡೂ ಕುಂದುತ್ತವೆ. ‘ನಾನಿನ್ನು ಗಂಡಸೇ ಅಲ್ಲ’ ಎಂದು ಕೊರಗುವ ಯಜಮಾನರು ಹಾಸಿಗೆಯನ್ನು ಹಜಾರಕ್ಕೆ ಸಾಗಿಸುತ್ತಾರೆ. ಪತ್ನಿ ಇನ್ನೇನೋ ತಿಳಿಯುತ್ತಾರೆ. ಮನೆಯವರು ಕಾಯಿಲೆ ಅಂಟೀತೆಂದು ಹೆದರುವುದೂ ಉಂಟು. ಇದು ಅಂಟುರೋಗವಲ್ಲ. ನಾವು ವೈದ್ಯರೂ ಈ ಪ್ರಶ್ನೆ ಕೇಳಲು ಸಂಕೋಚಪಡುತ್ತೇವೆ, ಅದು ನಮ್ಮ ತಪ್ಪು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದು ಕೇಳಿ.

ಪಿಎಸ್‌ಎ ಪರೀಕ್ಷೆ ಹತ್ತಿರವಾದಂತೆ ಅನೇಕರಿಗೆ ನಿದ್ದೆ ಹಾರಿಹೋಗುತ್ತದೆ. ರಿಪೋರ್ಟನ್ನು ಮಕ್ಕಳು ಬಚ್ಚಿಡಬಾರದು. ಬಚ್ಚಿಟ್ಟ ಕಾಗದ ಇನ್ನಷ್ಟು ಹೆದರಿಸುತ್ತದೆ.

ಬೇಸರ ಎರಡು ವಾರ ಕಳೆದರೂ ಬಿಡದಿದ್ದರೆ, ಊಟ, ಪೇಪರು, ಗೆಳೆಯರು ಯಾವುದೂ ಬೇಡವಾದರೆ ಅದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಖಿನ್ನತೆಯ ಕೆಲವು ಮಾತ್ರೆಗಳು ಮೈ ಬಿಸಿಯೇರುವುದನ್ನೂ ತಗ್ಗಿಸುತ್ತವೆ. ದಿನವೂ ನಡೆದಾಡಿದರೆ ಸುಸ್ತು ಕಡಿಮೆಯಾಗುತ್ತದೆ. (ಸುಸ್ತಾದವರಿಗೆ ನಡೆಯಿರಿ ಎನ್ನುವುದು ವಿಚಿತ್ರವೆನಿಸಿದರೂ ನಿಜ.) ಬೇಸರವೆಂದು ಹಾರ್ಮೋನ್ ಇಂಜೆಕ್ಷನ್ನನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆತನ್ನಿ. ರಾತ್ರಿಯಾಗಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.