ಫ್ಯಾಕ್ಟ್ ಚೆಕ್: ‘ಎಕರೆಗೆ 10 ಲಕ್ಷ ಲಾಭ, ನೀರೂ ಬೇಡ, ಆಳೂ ಬೇಡ’ – ಡ್ರ್ಯಾಗನ್ ಫ್ರೂಟ್ ಫಾರ್ವರ್ಡ್ ಎಷ್ಟು ನಿಜ?

“ಬಂಗಾರಪೇಟೆ, ಕೆಜಿಎಫ್ ಕಡೆ ಖಾಲಿ ಜಮೀನು ಇದೆಯಾ? ಡ್ರ್ಯಾಗನ್ ಫ್ರೂಟ್ ಹಾಕಿ. ಎಕರೆಗೆ ವರ್ಷಕ್ಕೆ 10 ಲಕ್ಷ ಲಾಭ. ನೀರು ಬೇಡ, ಆಳು ಬೇಡ. ಸಾವಯವ ಸರ್ಟಿಫಿಕೇಟ್ ನಾವೇ ಮಾಡಿಸಿಕೊಡುತ್ತೇವೆ.” ಇಂತಹ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬೋರ್‌ವೆಲ್ ಬತ್ತಿದ ಕೋಲಾರ ಜಿಲ್ಲೆಯಲ್ಲಿ ಕಡಿಮೆ ನೀರಿನ ಬೆಳೆ ಎಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಸಾಲ ಮಾಡುವ ಮೊದಲು ಈ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಹೇಳಿಕೆ 1: ಎಕರೆಗೆ 10 ಲಕ್ಷ ಲಾಭ

ತಪ್ಪು. ‘10 ಲಕ್ಷ’ ಎಂಬ ಅಂಕಿ ಗಾಳಿಯಿಂದ ಬಂದದ್ದಲ್ಲ. 2023ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಈ ಹಣ್ಣಿನ ಉತ್ಕೃಷ್ಟತಾ ಕೇಂದ್ರವನ್ನು ಕೇಂದ್ರ ಸರ್ಕಾರ ಮಂಜೂರು ಮಾಡಿತು. ಆಗ ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: ನೆಟ್ಟು ಎರಡು ವರ್ಷ ಆದ ಮೇಲೆ ಹೆಕ್ಟೇರ್‌ಗೆ ಸರಾಸರಿ 10 ಟನ್ ಇಳುವರಿ, ಕಿಲೋಗೆ 100 ರೂಪಾಯಿ ದರ. ಅಂದರೆ ಹೆಕ್ಟೇರ್‌ಗೆ 10 ಲಕ್ಷ.

ಫಾರ್ವರ್ಡ್ ಮಾಡಿದವರು ಇಲ್ಲಿ ಎರಡು ಕಡೆ ಕೈಚಳಕ ತೋರಿಸಿದ್ದಾರೆ. ಹೆಕ್ಟೇರ್ ಅನ್ನು ಎಕರೆ ಮಾಡಿದ್ದಾರೆ. ಆದಾಯವನ್ನು ಲಾಭ ಎಂದಿದ್ದಾರೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹಾಗಾಗಿ ಅದೇ ಲೆಕ್ಕದಲ್ಲಿ ಎಕರೆಗೆ ಬರುವುದು ಸುಮಾರು 4 ಲಕ್ಷ. ಅದರಲ್ಲಿ ಕೂಲಿ, ಗೊಬ್ಬರ, ಸಾಗಣೆ, ಸಾಲದ ಬಡ್ಡಿ ಎಲ್ಲವೂ ಕಳೆಯಬೇಕು. ದರ 100ರಿಂದ 60ಕ್ಕೆ ಇಳಿದರೆ 4 ಲಕ್ಷ ಇರುವುದು 2 ಲಕ್ಷ 40 ಸಾವಿರ ಆಗುತ್ತದೆ.

ಖರ್ಚು ಎಲ್ಲಿ ಬೀಳುತ್ತದೆ?

ಡ್ರ್ಯಾಗನ್ ಫ್ರೂಟ್ ಕಳ್ಳಿ ಜಾತಿಯ ಬಳ್ಳಿ. ಹತ್ತಿಕೊಳ್ಳಲು ಕಲ್ಲಿನ ಅಥವಾ ಕಾಂಕ್ರೀಟಿನ ಕಂಬ ಬೇಕು, ಮೇಲೆ ಜೋತುಬೀಳಲು ರಿಂಗ್ ಬೇಕು. 3 ಮೀಟರ್‌ಗೆ ಒಂದು ಕಂಬದಂತೆ ನೆಟ್ಟರೆ ಎಕರೆಗೆ ಸುಮಾರು 450 ಕಂಬ, ಕಂಬಕ್ಕೆ ನಾಲ್ಕರಂತೆ 1,800 ಸಸಿ.

ನಿಮ್ಮೂರಿನ ದರ ಹಾಕಿ ನೀವೇ ಗುಣಿಸಿ. ಉದಾಹರಣೆಗೆ ರಿಂಗ್ ಸೇರಿ ಕಂಬಕ್ಕೆ 900 ರೂಪಾಯಿ ಎಂದಿಟ್ಟುಕೊಂಡರೆ ಕಂಬಕ್ಕೇ 4 ಲಕ್ಷ 5 ಸಾವಿರ. ಸಸಿಗೆ 50 ರೂಪಾಯಿ ಎಂದರೆ 90 ಸಾವಿರ. ಡ್ರಿಪ್, ಬೇಲಿ, ಗುಂಡಿ ತೋಡುವ ಕೂಲಿ ಬೇರೆ. ಅಂದರೆ ಒಂದು ಹಣ್ಣು ಕೈಗೆ ಬರುವ ಮೊದಲೇ 5 ಲಕ್ಷ ನೆಲಕ್ಕೆ ಇಳಿದಿರುತ್ತದೆ. ಪೂರ್ತಿ ಫಸಲಿಗೆ ಮೂರು-ನಾಲ್ಕು ವರ್ಷ ಕಾಯಬೇಕು. ಒಮ್ಮೆ ನೆಟ್ಟ ಬಳ್ಳಿ ಸುಮಾರು 20 ವರ್ಷ ಬಾಳುತ್ತದೆ ಎಂಬುದೂ ನಿಜ. ಆದ್ದರಿಂದ ಮೊದಲಿಗೆ ಕಾಲು ಎಕರೆಯಲ್ಲಿ ನೆಟ್ಟು ನೋಡುವುದು ಜಾಣತನ.

ಹೇಳಿಕೆ 2: ನೀರೂ ಬೇಡ, ಆಳೂ ಬೇಡ

ಅರ್ಧ ಸತ್ಯ. ಬೇರೆ ಹಣ್ಣಿನ ಬೆಳೆಗಳಿಗೆ ಹೋಲಿಸಿದರೆ ನೀರು ಕಡಿಮೆ ಸಾಕು. ಆದರೆ ‘ಕಡಿಮೆ’ ಎಂದರೆ ‘ಬೇಡವೇ ಬೇಡ’ ಎಂದಲ್ಲ. ಬೇಸಿಗೆಯಲ್ಲಿ ಡ್ರಿಪ್ ಇಲ್ಲದಿದ್ದರೆ ಬಳ್ಳಿ ಸೊರಗುತ್ತದೆ, ಬಿಸಿಲು ಹೆಚ್ಚಾದರೆ ಕಾಂಡ ಹಳದಿಯಾಗಿ ಸುಟ್ಟಂತಾಗುತ್ತದೆ.

ಆಳು ಬೇಕೇ ಬೇಕು. ಬಳ್ಳಿ ಕಂಬದ ತುದಿ ಮುಟ್ಟುವವರೆಗೆ ಪಕ್ಕದ ಚಿಗುರು ಕತ್ತರಿಸಬೇಕು, ಕಟ್ಟುತ್ತಿರಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಹಣ್ಣು ಕಂತು ಕಂತಾಗಿ ಬರುತ್ತದೆ, ಅಷ್ಟು ಸಲವೂ ಕೊಯ್ಯಬೇಕು. ಹೂವು ಅರಳುವುದು ರಾತ್ರಿ. ಕೆಲವು ತಳಿಗಳಲ್ಲಿ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಮುಳ್ಳು ಇರುವುದರಿಂದ ಕೈಗವಸು ಕೊಡಲೇಬೇಕು.

ಈ ಭಾಗದಲ್ಲಿ ಆಳು ಸಿಗುವುದು ಸುಲಭವೂ ಅಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರನ್ನು ತೋಟಕ್ಕೆ ಕರೆಯಬೇಕಾದರೆ ಬೆಂಗಳೂರಿನ ಕೂಲಿಯ ಜೊತೆ ನೀವು ಪೈಪೋಟಿ ಮಾಡಬೇಕು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಲೆಕ್ಕ ಹಾಕುವಾಗ ಅದಕ್ಕಿಂತ ಕಡಿಮೆ ಬರೆದುಕೊಳ್ಳಬೇಡಿ. ಹೆಂಗಸರಿಗೂ ಗಂಡಸರಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ, ಇದು ಕಾನೂನು. ಒಂದಿಬ್ಬರಿಗೆ ಕತ್ತರಿಸುವುದು, ಕಟ್ಟುವುದು ಕಲಿಸಿ ವರ್ಷವಿಡೀ ಕೆಲಸ ಕೊಟ್ಟರೆ, ಕೊಯ್ಲಿನ ಹೊತ್ತಿಗೆ ಆಳು ಹುಡುಕುವ ಪಾಡು ತಪ್ಪುತ್ತದೆ.

ಹೇಳಿಕೆ 3: ಹಣ ಕೊಡಿ, ಸಾವಯವ ಸರ್ಟಿಫಿಕೇಟ್ ಕೊಡುತ್ತೇವೆ

ಮೋಸ ಹೋಗಬೇಡಿ. ಭಾರತದಲ್ಲಿ ಎರಡು ಮುಖ್ಯ ದಾರಿಗಳಿವೆ.

• ಪಿಜಿಎಸ್-ಇಂಡಿಯಾ: ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ. ಖರ್ಚು ತೀರಾ ಕಡಿಮೆ. ಪರಿವರ್ತನೆಯ ಅವಧಿಯಲ್ಲಿ ‘ಗ್ರೀನ್’, ಆಮೇಲೆ ‘ಆರ್ಗ್ಯಾನಿಕ್’ ಗುರುತು. ದೇಶದೊಳಗಿನ ಮಾರುಕಟ್ಟೆಗೆ ಇದು ಸಾಕು.

• ಎನ್‌ಪಿಒಪಿ: ರಫ್ತಿಗೆ ಬೇಕಾದದ್ದು ಇದು. 2001ರಲ್ಲಿ ಶುರುವಾಯಿತು, ಅಪೆಡಾ ನೋಡಿಕೊಳ್ಳುತ್ತದೆ. ಮಾನ್ಯತೆ ಪಡೆದ ಸಂಸ್ಥೆಯೇ ಬಂದು ತಪಾಸಣೆ ಮಾಡಬೇಕು, ಅದಕ್ಕೆ ಶುಲ್ಕ ಇದೆ. ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಮೂರು ವರ್ಷ ಪರಿವರ್ತನೆಯ ಅವಧಿ.

ಹಾಗಾಗಿ ‘ತಿಂಗಳಲ್ಲಿ ಸರ್ಟಿಫಿಕೇಟ್’ ಎನ್ನುವವರನ್ನು ನಂಬಬೇಡಿ. ಇನ್ನೊಂದು ಮಾತು: ಬಾಡಿಗೆಗೆ ತಂದ ಸ್ಪ್ರೇಯರ್‌ನಲ್ಲಿ ಹಿಂದಿನ ಹೊಲದ ಕಳೆನಾಶಕ ಉಳಿದಿದ್ದರೂ ನಿಮ್ಮ ಶ್ರಮ ಹಾಳಾಗಬಹುದು. ಕೆಲಸದವರಿಗೆ ಇದನ್ನು ಮೊದಲೇ ಹೇಳಿಡಿ.

ಸರ್ಟಿಫಿಕೇಟ್ ಇದ್ದರೆ ಹಣ್ಣು ಪೂರ್ತಿ ಸುರಕ್ಷಿತವೇ?

ಇದನ್ನು ಕೊಳ್ಳುವವರೂ ಓದಬೇಕು. ಸಾವಯವ ಪ್ರಮಾಣಪತ್ರ ಮುಖ್ಯವಾಗಿ ಹೇಳುವುದು ಬೆಳೆದ ವಿಧಾನವನ್ನು. ಮಣ್ಣಿನಲ್ಲಿ ಮೊದಲಿನಿಂದಲೂ ಏನಿತ್ತು ಎಂಬುದಕ್ಕೆ ಅದೊಂದೇ ಜಾಮೀನು ಅಲ್ಲ. ಕೆಜಿಎಫ್‌ನಲ್ಲಿ ಇದು ದೊಡ್ಡ ಪ್ರಶ್ನೆ. ಅದಿರು ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಇಲ್ಲಿ ಗುಡ್ಡಗಳಾಗಿ ನಿಂತಿದೆ. ಗಾಳಿಗೆ ಧೂಳು ಹಾರುತ್ತದೆ, ಮಳೆಗೆ ಪುಡಿ ಕೊಚ್ಚಿಕೊಂಡು ಬರುತ್ತದೆ. ನಿಮ್ಮ ಜಮೀನು ಸೈನೈಡ್ ಗುಡ್ಡದ ಹತ್ತಿರ ಅಥವಾ ಇಳಿಜಾರಿನಲ್ಲಿ ಇದ್ದರೆ, ಕಂಬ ನೆಡುವ ಮೊದಲು ಮಣ್ಣು ಮತ್ತು ಬೋರ್‌ವೆಲ್ ನೀರನ್ನು ಭಾರ ಲೋಹಗಳಿಗಾಗಿ ಪರೀಕ್ಷೆ ಮಾಡಿಸಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಆರ್ಸೆನಿಕ್, ಸೀಸ ಗೊತ್ತಾಗುವುದಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು.

ಹಾಗಾದರೆ ಏನು ಮಾಡಬೇಕು?

1. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಮಾನ್ಯತೆ ಇರುವ ನರ್ಸರಿಯಿಂದಲೇ ಸಸಿ ತನ್ನಿ, ರಸೀದಿ ಪಡೆಯಿರಿ.
2. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಿ, ತಾಲ್ಲೂಕು ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಕೇಳಿ. ಮಂಜೂರಾತಿಗೆ ಮೊದಲು ಖರ್ಚು ಮಾಡಬೇಡಿ.
3. ‘ಹಣ್ಣು ನಾವೇ ಕೊಳ್ಳುತ್ತೇವೆ’ ಎನ್ನುವವರಿಂದ ದರ, ಅವಧಿ ಎರಡನ್ನೂ ಬರಹದಲ್ಲಿ ಪಡೆಯಿರಿ.
4. ಮೂರು ವರ್ಷ ಫಸಲು ಬಾರದಿದ್ದರೂ ಮನೆ ನಡೆಯುತ್ತದೆಯೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿ.

ತೀರ್ಮಾನ: ಡ್ರ್ಯಾಗನ್ ಫ್ರೂಟ್ ಕೆಟ್ಟ ಬೆಳೆಯಲ್ಲ, ಒಣಭೂಮಿಗೆ ಒಗ್ಗುವ ಬೆಳೆಯೇ. ಆದರೆ ‘ಎಕರೆಗೆ 10 ಲಕ್ಷ ಲಾಭ, ನೀರೂ ಬೇಡ, ಆಳೂ ಬೇಡ’ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಅದು ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕೆಳಗೆ ಒಂದೇ ಪ್ರಶ್ನೆ ಹಾಕಿ: “ಎಕರೆಗೋ, ಹೆಕ್ಟೇರ್‌ಗೋ?”