ಎರಡನೆಯ ಕರಡಿನ ಪಾಠ

ಅಮೆರಿಕದಲ್ಲಿ ಕಾಲೇಜು ಸೇರಿದವರು ಎಂಜಿನಿಯರ್ ಆಗಲು ಹೊರಟಿರಲಿ, ನರ್ಸ್ ಆಗಲು ಹೊರಟಿರಲಿ, ಮೊದಲ ವರ್ಷದ ಒಂದು ತರಗತಿಯಿಂದ ಸಾಮಾನ್ಯವಾಗಿ ತಪ್ಪಿಸಿಕೊಳ್ಳಲಾರರು. ಅದು ಕಾಂಪೊಸಿಷನ್, ಅಂದರೆ ಬರವಣಿಗೆಯ ಕೋರ್ಸು. ಕತೆ, ಕವಿತೆ ಬರೆಯುವುದನ್ನು ಅಲ್ಲಿ ಹೇಳಿಕೊಡುವುದಿಲ್ಲ. ಒಂದು ವಿಷಯದ ಬಗ್ಗೆ ಓದಿ, ಯೋಚಿಸಿ, ತನ್ನದೇ ಒಂದು ನಿಲುವಿಗೆ ಬಂದು, ಅದನ್ನು ಓದುವವರು ಒಪ್ಪುವಂತೆ ಆಧಾರಸಹಿತ ಗದ್ಯದಲ್ಲಿ ಹೇಳುವುದು ಅಲ್ಲಿನ ಕೆಲಸ. ಸುಮಾರು ಹದಿನೈದು ವಾರಗಳ ಸೆಮಿಸ್ಟರಿಗೆ ಮೂರು–ನಾಲ್ಕು ಪ್ರಬಂಧ, ಅಷ್ಟೆ. ಇಷ್ಟು ಸರಳವಾಗಿ ಕಾಣುವ ಕೋರ್ಸು ಹೇಗಿರಬೇಕು ಎಂಬ ಜಗಳಕ್ಕೆ ಮಾತ್ರ ಒಂದೂಕಾಲು ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ.

ಕೋರ್ಸು ರೂಪುಗೊಂಡದ್ದು ಹಾರ್ವರ್ಡ್‌ನಲ್ಲಿ. 1869ರಲ್ಲಿ ಅಲ್ಲಿನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್, ಹುಡುಗರಿಗೆ ಗ್ರೀಕ್, ಲ್ಯಾಟಿನ್ ಬಂದರೆ ಸಾಲದು, ತಮ್ಮ ಭಾಷೆಯಲ್ಲಿ ನೆಟ್ಟಗೆ ಬರೆಯಲೂ ಬರಬೇಕು ಎನ್ನುವವರು. ಪತ್ರಿಕೆಯಲ್ಲಿ ಕೆಲಸ ಮಾಡಿದ್ದ ಆಡಮ್ಸ್ ಶೆರ್ಮನ್ ಹಿಲ್ ಅವರನ್ನು 1872ರಲ್ಲಿ ಕರೆತಂದರು. 1874ರಿಂದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಬಂಧ ಬರೆಯಬೇಕಾಯಿತು. ಬಂದ ಉತ್ತರಗಳನ್ನು ಕಂಡು ಅಧ್ಯಾಪಕರು ಗಾಬರಿಯಾದರು. ಕಾಗುಣಿತವಿಲ್ಲ, ವಿರಾಮಚಿಹ್ನೆಯಿಲ್ಲ, ಹೇಳಬೇಕಾದ್ದು ಏನೆಂಬುದೇ ಸ್ಪಷ್ಟವಿಲ್ಲ. ಹಾಗಾಗಿ 1885ರಲ್ಲಿ ‘ಇಂಗ್ಲಿಷ್ ಎ’ ಎಂಬ ಕೋರ್ಸು ಮೊದಲ ವರ್ಷಕ್ಕೆ ಬಂತು. ಉಳಿದ ಪಾಠಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳುವ ಪದ್ಧತಿಯನ್ನು ಎಲಿಯಟ್ ತಂದಿದ್ದರು; ಶತಮಾನದ ಕೊನೆಗೆ ಎಲ್ಲರಿಗೂ ಕಡ್ಡಾಯವಾಗಿ ಉಳಿದದ್ದು ಬಹುಮಟ್ಟಿಗೆ ಇದೊಂದೇ. ಬೇರೆ ಕಾಲೇಜುಗಳು ಅದನ್ನೇ ನಕಲು ಮಾಡಿದವು.

ಹೀಗೆ ಕೋರ್ಸು ಹುಟ್ಟಿದ್ದೇ ತಪ್ಪು ಹಿಡಿಯುವುದಕ್ಕೆ. ವಿದ್ಯಾರ್ಥಿ ಬರೆದುಕೊಡುವುದು, ಮೇಷ್ಟ್ರು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಅಂಕ ಕೊಡುವುದು, ಮುಂದಿನ ವಾರ ಹೊಸ ವಿಷಯ. ಹಾರ್ವರ್ಡ್‌ನ ಬ್ಯಾರೆಟ್ ವೆಂಡೆಲ್ ತಮ್ಮ ಮುಂದುವರಿದ ತರಗತಿಯಲ್ಲಿ ದಿನಕ್ಕೊಂದು ಪುಟ್ಟ ಬರಹ ಬರೆಸುತ್ತಿದ್ದರು. ಬರೆಯುವವರಿಗೆ ಒಳ್ಳೆಯ ಅಭ್ಯಾಸವೇ, ತಿದ್ದುವವರ ಪಾಡು ಬೇರೆ. ವ್ಯಾಕರಣ ಗಟ್ಟಿಮಾಡಿಸಿದರೆ ಬರಹ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆ ಹಲವು ದಶಕ ಅಲುಗಾಡಲಿಲ್ಲ. 1963ರಲ್ಲಿ ರಿಚರ್ಡ್ ಬ್ರಾಡಕ್ ಮತ್ತು ಇಬ್ಬರು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಕೊಟ್ಟ ವರದಿ ಅದಕ್ಕೆ ಪೆಟ್ಟು ಕೊಟ್ಟಿತು. ವ್ಯಾಕರಣವನ್ನೇ ಪ್ರತ್ಯೇಕ ಪಾಠವಾಗಿ ಕಲಿಸಿದರೆ ಬರವಣಿಗೆಗೆ ಆಗುವ ಲಾಭ ನಗಣ್ಯ. ಬರೆಯುವ ಹೊತ್ತನ್ನು ಅದೇ ತಿಂದುಹಾಕುವುದರಿಂದ ನಷ್ಟವೇ ಆದೀತು ಎಂದಿತು ವರದಿ.

ಹಾಗಾದರೆ ಬರೆಯುವವರು ಬೆಳೆಯುವುದು ಹೇಗೆ? ಉತ್ತರ ಹುಡುಕಲು ಹೊರಟವರು ಮುಗಿದ ಪ್ರಬಂಧವನ್ನು ಬದಿಗಿಟ್ಟು, ಬರೆಯುತ್ತಿರುವವರನ್ನೇ ಗಮನಿಸತೊಡಗಿದರು. ಜಾನೆಟ್ ಎಮಿಗ್ ಪ್ರೌಢಶಾಲೆಯ ಕೊನೆಯ ವರ್ಷದ ಎಂಟು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಬರೆಯುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರು. ಮೊದಲು ಟಿಪ್ಪಣಿ, ಆಮೇಲೆ ಬರಹ, ಕೊನೆಗೆ ತಿದ್ದುವಿಕೆ ಎಂದು ಪಠ್ಯಪುಸ್ತಕ ಹೇಳುವ ಸಾಲುಕ್ರಮದಲ್ಲಿ ಯಾರೂ ಬರೆಯುವುದಿಲ್ಲ ಎಂಬುದು 1971ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ತಿಳಿಯಿತು. ಮರುವರ್ಷ ಡೊನಾಲ್ಡ್ ಮರ್ರೆ, ಕಲಿಸಬೇಕಾದ್ದು ಬರೆದು ಮುಗಿಸಿದ್ದನ್ನಲ್ಲ, ಬರೆಯುವ ಕ್ರಿಯೆಯನ್ನು ಎಂದು ವಾದಿಸಿದರು. ಇವರು 1954ರಲ್ಲಿ ಸಂಪಾದಕೀಯಗಳಿಗಾಗಿ ಪುಲಿಟ್ಜರ್ ಪಡೆದ ಪತ್ರಕರ್ತರು. ತಿದ್ದದೆ ಏನೂ ಅಚ್ಚಿಗೆ ಹೋಗುವುದಿಲ್ಲ ಎಂಬುದು ಅವರಿಗೆ ವೃತ್ತಿಯಿಂದಲೇ ಗೊತ್ತಿತ್ತು.

ಇದೇ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಘಟನೆ. 1970ರಲ್ಲಿ ಅಲ್ಲಿನ ನಗರ ವಿಶ್ವವಿದ್ಯಾಲಯ, ಪ್ರೌಢಶಾಲೆ ಮುಗಿಸಿದ ಊರಿನ ಎಲ್ಲರಿಗೂ ಬಾಗಿಲು ತೆರೆಯಿತು. ಬಡವರ, ಕಪ್ಪು ಜನರ, ವಲಸಿಗರ ಮಕ್ಕಳು, ಮನೆಯಲ್ಲಿ ಬೇರೆಯೇ ಭಾಷೆ ಅಥವಾ ಬೇರೆಯೇ ಇಂಗ್ಲಿಷ್ ಆಡುವವರು, ಅದರ ಸಿಟಿ ಕಾಲೇಜಿನ ಬೆಂಚುಗಳಲ್ಲಿ ಬಂದು ಕುಳಿತರು. ಇವರಿಗೆ ಬರೆಯಲು ಬಾರದು ಎಂದು ಕೈಚೆಲ್ಲಿದವರು ಬಹಳ. ಅಲ್ಲಿ ಕಲಿಸುತ್ತಿದ್ದ ಮೈನಾ ಶಾನಸಿ ಹಾಗೆ ಮಾಡದೆ, ಪ್ರವೇಶದ ಹೊತ್ತಿನಲ್ಲಿ ಆ ವಿದ್ಯಾರ್ಥಿಗಳು ಬರೆದ ಸುಮಾರು 4,000 ಪ್ರಬಂಧಗಳನ್ನು ಓದಿದರು. 1977ರಲ್ಲಿ ಬಂದ ಅವರ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಪುಸ್ತಕದ ತಿರುಳು ಇದು: ಈ ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಅವಕ್ಕೊಂದು ತರ್ಕವಿದೆ. ವಿದ್ಯಾರ್ಥಿ ಯಾವುದೋ ನಿಯಮವನ್ನು ಅರೆಬರೆ ಕಲಿತು ಎಲ್ಲೆಡೆ ಹಚ್ಚುತ್ತಿದ್ದಾನೆ. ಅವನ ಯೋಚನೆ ಯಾವ ಜಾಡಿನಲ್ಲಿ ಹೋಯಿತೆಂದು ಹಿಡಿದರೆ ಪಾಠ ಎಲ್ಲಿಂದ ಶುರುವಾಗಬೇಕೆಂದು ತಿಳಿಯುತ್ತದೆ. ಕಾಂಪೊಸಿಷನ್ ಕ್ಷೇತ್ರದಿಂದ ಒಂದೇ ಪುಸ್ತಕ ಉಳಿಸಿಕೊಳ್ಳಬೇಕೆಂದರೆ ಬಹುಶಃ ಇದನ್ನೇ ಉಳಿಸಿಕೊಳ್ಳಬೇಕು.

ಬೆಳವಣಿಗೆಯ ಗುಟ್ಟಿಗೆ ಇನ್ನೂ ಹತ್ತಿರ ಹೋದವರು ನ್ಯಾನ್ಸಿ ಸಾಮರ್ಸ್. 1980ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ಕಡೆ 20 ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳು, ಇನ್ನೊಂದು ಕಡೆ ಪತ್ರಕರ್ತರು, ಸಂಪಾದಕರು, ವಿದ್ವಾಂಸರು ಸೇರಿ 20 ಮಂದಿ ನುರಿತವರು. ಎಲ್ಲರೂ ಮೂರು ಪ್ರಬಂಧ ಬರೆದು, ಪ್ರತಿಯೊಂದನ್ನೂ ಎರಡು ಸಲ ತಿದ್ದಿ ಬರೆಯಬೇಕಿತ್ತು. ವಿದ್ಯಾರ್ಥಿಗಳ ಪಾಲಿಗೆ ತಿದ್ದುವುದೆಂದರೆ ಪದ ಬದಲಿಸುವುದು: ಒಂದೇ ಪದ ಎರಡು ಸಲ ಬಂದಿದೆಯೇ, ಇನ್ನೂ ತೂಕದ ಪದ ಸಿಕ್ಕೀತೇ ಎಂದು ನೋಡುವುದು. ಹೇಳಬೇಕಾದ ವಿಷಯ ಮೊದಲೇ ತೀರ್ಮಾನವಾಗಿದೆ, ಉಳಿದದ್ದು ಬರೀ ಮಾತಿನ ಅಲಂಕಾರ ಎಂಬುದು ಅವರ ಭಾವನೆ. ನುರಿತವರದು ಬೇರೆ ದಾರಿ. ಮೊದಲ ಕರಡನ್ನು ಅವರು ತಮ್ಮ ವಾದ ಯಾವುದೆಂದು ಹುಡುಕಲು ಬಳಸುತ್ತಾರೆ. ಇಡೀ ಪ್ಯಾರಾ ಎತ್ತಿ ಹಾಕುತ್ತಾರೆ, ಹಿಂದಿನದನ್ನು ಮುಂದೆ ತರುತ್ತಾರೆ, ಎದುರಿಗೆ ಒಬ್ಬ ಓದುಗನನ್ನು ಕಲ್ಪಿಸಿಕೊಂಡು ಅವನ ಅನುಮಾನಗಳಿಗೆ ಉತ್ತರ ಹೇಳುತ್ತಾರೆ.

ಇಂದಿನ ಕಾಂಪೊಸಿಷನ್ ತರಗತಿ ಬಹುಮಟ್ಟಿಗೆ ಈ ಎರಡನೆಯ ದಾರಿಗೆ ವಿದ್ಯಾರ್ಥಿಯನ್ನು ಎಳೆತರುವ ಪ್ರಯತ್ನ. ಮೊದಲ ಕರಡಿಗೆ ಅಂಕವಿಲ್ಲ. ಮೂರು–ನಾಲ್ಕು ಸಹಪಾಠಿಗಳು ಅದನ್ನು ಓದಿ ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ನಂಬಿಕೆ ಬರಲಿಲ್ಲ ಎಂದು ಬರೆದುಕೊಡುತ್ತಾರೆ. ಅಧ್ಯಾಪಕರು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು–ಹದಿನೈದು ನಿಮಿಷ ಮಾತಾಡುತ್ತಾರೆ. ಎಷ್ಟೋ ಸಲ ನಿಜವಾದ ವಾದ ಕರಡಿನ ಕೊನೆಯ ಪ್ಯಾರಾದಲ್ಲಿ ಅಡಗಿರುತ್ತದೆ, ಬರೆಯುತ್ತ ಬರೆಯುತ್ತ ಅಲ್ಲಿಗೆ ತಲುಪಿರುತ್ತಾರೆ; ಅದನ್ನು ಮೊದಲಿಗೆ ತಂದು ಉಳಿದದ್ದನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಹಿರಿಯ ವಿದ್ಯಾರ್ಥಿಗಳು ನೆರವಿಗಿರುತ್ತಾರೆ. ಸೆಮಿಸ್ಟರಿನ ಕೊನೆಗೆ ತಿದ್ದಿದ ಬರಹಗಳ ಕಂತೆಯನ್ನು, ಜೊತೆಗೆ ತಾನು ಏನನ್ನು ಏಕೆ ಬದಲಿಸಿದೆ ಎಂಬ ಪತ್ರವನ್ನು ಒಪ್ಪಿಸುವುದು ಅನೇಕ ಕಡೆ ರೂಢಿ.

ಇಲ್ಲಿ ಅಧ್ಯಾಪಕರ ಟಿಪ್ಪಣಿಗೆ ಬಹಳ ಬೆಲೆ. ಆದರೆ ಟಿಪ್ಪಣಿಯೇ ಕೆಡಿಸುವುದೂ ಉಂಟು. 1982ರ ಲೇಖನದಲ್ಲಿ ಸಾಮರ್ಸ್ ತೋರಿಸಿದಂತೆ, ಒಂದೇ ಪ್ಯಾರಾದ ಅಂಚಿನಲ್ಲಿ ‘ಅಲ್ಪವಿರಾಮ ಬೇಕು’ ಎಂದೂ ‘ಇದನ್ನು ಇನ್ನಷ್ಟು ವಿಸ್ತರಿಸು’ ಎಂದೂ ಬರೆದಿರುತ್ತದೆ. ಇಡೀ ಪ್ಯಾರಾವೇ ಬದಲಾಗಬೇಕಿರುವಾಗ ಅಲ್ಪವಿರಾಮ ಯಾರಿಗೆ ಬೇಕು? ವಿದ್ಯಾರ್ಥಿ ಸುಲಭದ್ದನ್ನು ತಿದ್ದಿ ಕಷ್ಟದ್ದನ್ನು ಬಿಡುತ್ತಾನೆ. ಮುಂದೆ ಹಾರ್ವರ್ಡ್‌ನಲ್ಲಿ 2001ರ ಪದವಿ ತಂಡದ 400ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿದಾಗ ಅವರು ಇನ್ನೊಂದು ಸಂಗತಿ ಕಂಡರು. ತಾನಿನ್ನೂ ಹೊಸಬ ಎಂದು ಒಪ್ಪಿಕೊಂಡು ಕಲಿಯಲು ನಿಂತವರು ಬೆಳೆದರು. ಶಾಲೆಯಲ್ಲಿ ಗೆಲುವು ತಂದುಕೊಟ್ಟ ಹಳೆಯ ಸೂತ್ರವನ್ನೇ ಹಿಡಿದು ಕೂತವರು ತಡವರಿಸಿದರು.

ಹಳೆಯ ಸೂತ್ರವೆಂದರೆ ಅಮೆರಿಕದ ಶಾಲೆಗಳ ಐದು ಪ್ಯಾರಾ ಪ್ರಬಂಧ: ಪೀಠಿಕೆ, ಮೂರು ಅಂಶ, ಮುಕ್ತಾಯ. ಕರ್ನಾಟಕದಿಂದ ಹೋದವರಿಗೂ ಈ ತೊಡಕು ಹೊಸದಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ತಲೆಬರಹ ಹಾಕಿ, ಗೈಡಿನಿಂದ ಬಾಯಿಪಾಠ ಮಾಡಿದ್ದನ್ನು ಪರೀಕ್ಷೆಯಲ್ಲಿ ಇಳಿಸಿ ಬಂದವರಿಗೆ, ‘ಇದರಲ್ಲಿ ನಿನ್ನ ವಾದವೇನು?’ ಎಂಬ ಪ್ರಶ್ನೆ ಕಕ್ಕಾಬಿಕ್ಕಿ ಮಾಡುತ್ತದೆ. ಮೂಲ ಹೇಳದೆ ಇನ್ನೊಬ್ಬರ ಮಾತು ಬಳಸಿದರೆ ಅಲ್ಲಿ ಶಿಸ್ತುಕ್ರಮವೇ ಆಗಬಹುದು.

ಕೋರ್ಸನ್ನು ಹೊಗಳಿ ಮುಗಿಸುವಂತಿಲ್ಲ. ಒಂದು ತರಗತಿಯಲ್ಲಿ 20ಕ್ಕಿಂತ ಹೆಚ್ಚು ಮಂದಿ ಇರಬಾರದು, 15 ಇದ್ದರೆ ಒಳ್ಳೆಯದು ಎಂದು 1949ರಲ್ಲಿ ಹುಟ್ಟಿದ ಕಾಂಪೊಸಿಷನ್ ಅಧ್ಯಾಪಕರ ಸಂಘಟನೆ ಹೇಳುತ್ತದೆ. ಅನೇಕ ಕಾಲೇಜುಗಳು ಇದನ್ನು ಪಾಲಿಸುವುದಿಲ್ಲ. ಕಲಿಸುವವರಲ್ಲಿ ಬಹಳಷ್ಟು ಜನ ಸಂಶೋಧನಾ ವಿದ್ಯಾರ್ಥಿಗಳು ಅಥವಾ ಕಡಿಮೆ ಸಂಬಳದ ತಾತ್ಕಾಲಿಕ ಅಧ್ಯಾಪಕರು. ಇಲ್ಲಿ ಕಲಿತದ್ದು ರಸಾಯನಶಾಸ್ತ್ರದ ವರದಿ ಬರೆಯಲು ಒದಗುತ್ತದೆಯೇ ಎಂಬ ಪ್ರಶ್ನೆಗೂ ಖಚಿತ ಉತ್ತರವಿಲ್ಲ. ಎಲ್ಲರಿಗೂ ಕಡ್ಡಾಯ ಮಾಡುವುದನ್ನೇ ನಿಲ್ಲಿಸಿ ಎಂದವರಲ್ಲಿ ಆ ಕ್ಷೇತ್ರದ ಇತಿಹಾಸ ಬರೆದ ಶ್ಯಾರನ್ ಕ್ರೌಲಿಯೂ ಇದ್ದಾರೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದು ತಂದದ್ದನ್ನು ನಂಬುವುದು ಕಷ್ಟವಾಗಿ, ಕೆಲವರು ತರಗತಿಯಲ್ಲೇ ಕೈಯಲ್ಲಿ ಬರೆಸುವುದಕ್ಕೆ ಮರಳಿದ್ದಾರೆ. ಅದರಿಂದ ಮೋಸ ತಗ್ಗೀತು. ಆದರೆ ಒಂದೇ ಸಲ ಕೂತು ಮುಗಿಸುವ ಬರಹದಲ್ಲಿ ತಿದ್ದಿ ಬರೆಯುವುದಕ್ಕೆ ಜಾಗವಿಲ್ಲ.

ಕಾಲೇಜಿನ ಹೊರಗೂ ಬರವಣಿಗೆ ಕಲಿಯಬಹುದು ಎಂದವರು ಪೀಟರ್ ಎಲ್ಬೋ. ಹಾರ್ವರ್ಡ್‌ನಲ್ಲಿ ಸಂಶೋಧನೆಗೆ ಸೇರಿ, ಬರೆಯಲಾಗದೆ ಬಿಟ್ಟುಬಂದಿದ್ದವರು ಅವರು. 1973ರ ‘ರೈಟಿಂಗ್ ವಿದೌಟ್ ಟೀಚರ್ಸ್’ ಪುಸ್ತಕದಲ್ಲಿ ಅವರು ಸೂಚಿಸಿದ ವಿಧಾನಕ್ಕೆ ಮೇಷ್ಟ್ರೇ ಬೇಡ. ಏಳರಿಂದ ಹನ್ನೆರಡು ಜನ ವಾರಕ್ಕೊಮ್ಮೆ ಸೇರಬೇಕು, ಪ್ರತಿ ವಾರ ಎಲ್ಲರೂ ಏನಾದರೂ ಬರೆದು ತರಬೇಕು. ಕೇಳಿದವರು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ತೀರ್ಪು ಕೊಡದೆ, ಕೇಳುವಾಗ ತಮ್ಮ ಮನಸ್ಸಿನಲ್ಲಿ ಏನೇನು ನಡೆಯಿತೆಂದು ಹೇಳಬೇಕು. ಬರೆದವರು ವಾದಿಸದೆ ಕೇಳಿಸಿಕೊಳ್ಳಬೇಕು. ಕನ್ನಡದಲ್ಲಿ ಬರೆಯುವ ಆಸೆಯುಳ್ಳ ಏಳು ಜನ ಊರಿನ ಗ್ರಂಥಾಲಯದಲ್ಲೇ ಇದನ್ನು ಶುರುಮಾಡಬಹುದು.