ಎಳ್ಳಿನಷ್ಟರಲ್ಲಿ ತಪ್ಪಿದ ಗುಂಡು

ಪುಣೆಯ ಇತಿಹಾಸ ಪ್ರಾಧ್ಯಾಪಕ ಗಂಗಾಧರಪಂತ ಗಾಯತೋಂಡೆ ಮುಂಬೈಗೆ ಹೊರಟಿದ್ದಾರೆ. ರೈಲಿನ ಹೆಸರು ಜಿಜಾಮಾತಾ ಎಕ್ಸ್‌ಪ್ರೆಸ್. ದಾರಿಯಲ್ಲಿ ಸರ್‌ಹದ್ ಎಂಬ ನಿಲ್ದಾಣ ಬರುತ್ತದೆ. ಆಂಗ್ಲೋ-ಇಂಡಿಯನ್ ಸಿಬ್ಬಂದಿಯೊಬ್ಬ ಬೋಗಿಯೊಳಗೆ ಬಂದು ಪರವಾನಗಿ ಪತ್ರ ತಪಾಸಣೆ ಮಾಡುತ್ತಾನೆ. ಅಲ್ಲಿಂದ ಮುಂದೆ ಬ್ರಿಟಿಷ್ ಆಳ್ವಿಕೆ! ಕಂಗಾಲಾದ ಪ್ರಾಧ್ಯಾಪಕರು ಮುಂಬೈಯ ಟೌನ್‌ಹಾಲ್ ಗ್ರಂಥಾಲಯಕ್ಕೆ ಹೋಗಿ, ತಾವೇ ಬರೆದ ಇತಿಹಾಸದ ಸಂಪುಟಗಳನ್ನು ತೆರೆಯುತ್ತಾರೆ. ಐದನೆಯ ಸಂಪುಟದಲ್ಲಿ 1761ರ ಪಾನಿಪತ್ ಯುದ್ಧವನ್ನು ಮರಾಠರು ಗೆದ್ದಿದ್ದಾರೆ. ಪೇಶ್ವೆಯ ಮಗ ವಿಶ್ವಾಸರಾಯನ ಪ್ರಾಣ ತೆಗೆಯಬೇಕಿದ್ದ ಗುಂಡು ಎಳ್ಳುಕಾಳಿನಷ್ಟು ಅಂತರದಲ್ಲಿ ಕಿವಿಯ ಪಕ್ಕ ಹಾದುಹೋಗಿದೆ.

ಖಗೋಳ ವಿಜ್ಞಾನಿ ಜಯಂತ ನಾರಳೀಕರರ ಈ ಕಥೆ 'ದಿ ಅಡ್ವೆಂಚರ್' ಎಂಬ ಹೆಸರಿನಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ಇಂಗ್ಲಿಷ್ ಪಠ್ಯ 'ಹಾರ್ನ್‌ಬಿಲ್' ಮೂಲಕ ದೇಶದ ಮೂಲೆಮೂಲೆಯ ಹದಿಹರೆಯದವರನ್ನು ತಲುಪಿತು.

ಎಳೆಯರಿಗಾಗಿ ಅದ್ಭುತ ಕಥೆ ಬರೆಯುವ ಕಸುಬಿನ ಗುಟ್ಟು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಬದಲಾದದ್ದು ಒಂದೇ ಒಂದು ಗುಂಡಿನ ದಾರಿ. ಉಳಿದುದೆಲ್ಲ ಅದರಿಂದಲೇ ಹುಟ್ಟುತ್ತದೆ: ರೈಲಿನ ಹೆಸರು, ಗಡಿಯ ನಿಲ್ದಾಣ, ಮುಂಬೈಯಲ್ಲಷ್ಟೇ ಉಳಿದ ಬ್ರಿಟಿಷರು. ಹನ್ನೆರಡು-ಹದಿಮೂರರ ಓದುಗರು ರೆಕ್ಕೆಯ ಕುದುರೆಯನ್ನು ಸಂತೋಷದಿಂದ ಒಪ್ಪುತ್ತಾರೆ. ಆದರೆ ಮೊದಲ ಪುಟದಲ್ಲಿ ಹಾರಲಾರದ ಕುದುರೆ ಐದನೇ ಪುಟದಲ್ಲಿ ಸುಮ್ಮನೆ ಹಾರಿಬಿಟ್ಟರೆ ಪುಸ್ತಕ ಮುಚ್ಚಿಟ್ಟು ಆಡಲು ಹೋಗುತ್ತಾರೆ. ತಾನೇ ಕಟ್ಟಿದ ನಿಯಮವನ್ನು ಲೇಖಕ ಮುರಿಯಬಾರದು. ನಾರಳೀಕರರಿಗೆ ಈ ಶಿಸ್ತು ಗಣಿತದಿಂದಲೇ ಬಂದಿರಬೇಕು. ಕೇಂಬ್ರಿಡ್ಜ್‌ನಲ್ಲಿ ಅವರ ಗುರುವಾಗಿದ್ದ ಫ್ರೆಡ್ ಹಾಯ್ಲ್ ಕೂಡ 1957ರಲ್ಲಿ 'ದಿ ಬ್ಲ್ಯಾಕ್ ಕ್ಲೌಡ್' ಎಂಬ ಕಾದಂಬರಿ ಬರೆದವರು.

ನಾರಳೀಕರರ ಕಥೆಗಾರಿಕೆ ಶುರುವಾದದ್ದು ವೇಷ ಮರೆಸಿಕೊಂಡೇ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ಏರ್ಪಡಿಸಿತ್ತು. ತಮ್ಮ ಹೆಸರು ಕಂಡು ಬಹುಮಾನ ಬರಬಾರದೆಂದು ಅವರು ಇನಿಷಿಯಲ್‌ಗಳನ್ನು ತಿರುಗಿಸಿ 'ನಾರಾಯಣ ವಿನಾಯಕ ಜಗತಾಪ' ಆದರು. ಅಕ್ಷರದಿಂದಲೂ ಗುರುತು ಸಿಗದಿರಲಿ ಎಂದು ಪತ್ನಿ, ಗಣಿತಜ್ಞೆ ಮಂಗಲಾ ಅವರಿಂದ ಪ್ರತಿ ಬರೆಸಿದರು. 'ಕೃಷ್ಣವಿವರ' ಎಂಬ ಆ ಕಥೆಗೆ ಮೊದಲ ಬಹುಮಾನ ಬಂತು. ಅದೇ ಕೈ ಮುಂದೆ 'ವಾಮನ ಪರತ ನ ಆಲಾ', 'ಪ್ರೇಷಿತ'ದಂಥ ಕಾದಂಬರಿಗಳನ್ನು ಕೊಟ್ಟಿತು. 2021ರಲ್ಲಿ ನಾಸಿಕ್‌ನ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು.

ಪುಣೆಯ ನೆಲದಲ್ಲಿ ಎಳೆಯರ ಕಥೆಗಾರಿಕೆಗೆ ಹಳೆಯ ಬೇರೂ ಇದೆ. ಜೂಲ್ಸ್ ವರ್ನ್‌ನ ಕಾದಂಬರಿಗಳನ್ನು ಮರಾಠಿ ಮಕ್ಕಳಿಗೆ ತಂದುಕೊಟ್ಟ ಭಾ. ರಾ. ಭಾಗವತರು 'ಫಾಸ್ಟರ್ ಫೇಣೆ'ಯನ್ನು ಸೃಷ್ಟಿಸಿದರು. ಅವನು ಪುಣೆಯ ಮಗ್ಗುಲಿನ ಫುರಸುಂಗಿಯ ಹುಡುಗ. ಸೈಕಲ್ ತುಳಿಯುವುದರಲ್ಲಿ ಶೂರ, ಯೋಚನೆ ಹೊಳೆದರೆ ನಾಲಿಗೆಯಿಂದ 'ಟ್ಟಾಕ್' ಎನ್ನುವವ. ಅವನದು ಮಾಯಾಲೋಕವಲ್ಲ, ಸಾಹಸದ ಲೋಕ. ಆದರೂ ತಮ್ಮೂರಿನ ಪಕ್ಕದ ಹುಡುಗನೊಬ್ಬ ಕಥಾನಾಯಕನಾಗಬಲ್ಲ ಎಂಬ ಧೈರ್ಯವನ್ನು ಮಕ್ಕಳಿಗೆ ಕೊಟ್ಟವನು ಅವನೇ.

ಕನ್ನಡಿಗರು ನೆನೆಯಬೇಕಾದ ಇನ್ನೊಬ್ಬರು ಜಿ. ಎ. ಕುಲಕರ್ಣಿ. ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ಜೆಎಸ್ಸೆಸ್ ಕಾಲೇಜಿನಲ್ಲಿ ದಶಕಗಳ ಕಾಲ ಇಂಗ್ಲಿಷ್ ಕಲಿಸಿ, 1987ರಲ್ಲಿ ಪುಣೆಯಲ್ಲಿ ತೀರಿಕೊಂಡ ಈ ಮರಾಠಿ ಕಥೆಗಾರ, ವಿಧಿಯ ಕತ್ತಲನ್ನು ಬರೆದ ಕೈಯಿಂದಲೇ ಮಕ್ಕಳಿಗಾಗಿ 'ಬಖರ ಬಿಮ್ಮಚಿ' ಬರೆದರು. ಧಾರವಾಡದ ಓದುಗರು ಅದನ್ನು ತಮ್ಮದೆಂದೇ ಎತ್ತಿಕೊಳ್ಳಬಹುದು.

ಮತ್ತೆ ನಾರಳೀಕರರತ್ತ ಬರೋಣ. 1988ರಲ್ಲಿ ಅವರು ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳ ವಿಜ್ಞಾನದ ಐಯುಕಾ ಸಂಸ್ಥೆಯನ್ನು ಕಟ್ಟಿದರು. ತಿಂಗಳ ಎರಡನೇ ಶನಿವಾರ ಅಲ್ಲಿ ಶಾಲಾ ಮಕ್ಕಳಿಗೆಂದೇ ಉಪನ್ಯಾಸ ಶುರುವಾಯಿತು. ಭಾಷಣ ಮುಗಿದದ್ದೇ ತಡ, ಆಟೋಗ್ರಾಫ್ ಪುಸ್ತಕ ಹಿಡಿದ ಮಕ್ಕಳು ಅವರನ್ನು ಮುತ್ತುತ್ತಿದ್ದರು. ಬರಿಯ ಸಹಿ ಹಾಕಲು ಅವರು ಒಪ್ಪುತ್ತಿರಲಿಲ್ಲ. ನಿಮಗೆ ತೋಚಿದ ಪ್ರಶ್ನೆಯೊಂದನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿ, ಉತ್ತರದ ಕೆಳಗೆ ಸಹಿ ಇರುತ್ತದೆ ಎನ್ನುತ್ತಿದ್ದರು. ಮಕ್ಕಳು ಬರೆದರು, ಉತ್ತರ ಅಂಚೆಯಲ್ಲಿ ಮನೆಗೆ ಬಂತು.